ಕನಿಷ್ಠ ಮೇಳದ ಹಿರಿಮೆ

ಸಂಗೀತದ ಒಂದು ಮೇಳದಲ್ಲಿ ಎಷ್ಟು ಮಂದಿ ಇರಬೇಕು? ಈ ಪ್ರಶ್ನೆ ಇಂದು ನಿನ್ನೆಯದಲ್ಲ. ಹದಿಮೂರನೆಯ ಶತಮಾನದ ಮೊದಲರ್ಧದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ ‘ಸಂಗೀತರತ್ನಾಕರ’ದಲ್ಲಿ ಇದಕ್ಕೆ ತಲೆಯೆಣಿಸಿಯೇ ಉತ್ತರ ಹೇಳಿದ್ದಾನೆ. ನಾಲ್ವರು ಮುಖ್ಯ ಗಾಯಕರು, ಎಂಟು ಮಂದಿ ಸಹಗಾಯಕರು, ಹನ್ನೆರಡು ಮಂದಿ ಗಾಯಕಿಯರು, ನಾಲ್ವರು ಕೊಳಲಿನವರು, ನಾಲ್ವರು ಮೃದಂಗದವರು, ಹೀಗೆ ೩೨ ಜನರ ಮೇಳ ಉತ್ತಮ. ಅದರ ಅರ್ಧದಷ್ಟಿದ್ದರೆ ಮಧ್ಯಮ. ಒಬ್ಬನೇ ಮುಖ್ಯ ಗಾಯಕ, ಮೂವರು ಸಹಗಾಯಕರು, ನಾಲ್ವರು ಗಾಯಕಿಯರು, ಇಬ್ಬರು ಕೊಳಲಿನವರು, ಇಬ್ಬರು ಮದ್ದಳೆಯವರು, ಒಟ್ಟು ೧೨ ಮಂದಿಯಾದರೆ ಅದು ಕನಿಷ್ಠ. ಉತ್ತಮದ ಸಂಖ್ಯೆಯನ್ನೂ ಮೀರಿದರೆ? ಅದಕ್ಕೆ ಆಚಾರ್ಯನು ಇಟ್ಟ ಹೆಸರು ‘ಕೋಲಾಹಲ’!

ಈ ಲೆಕ್ಕ ನನಗೆ ನೆನಪಾದದ್ದು ಶಾಸ್ತ್ರಗ್ರಂಥದ ಮುಂದೆ ಕುಳಿತಾಗ ಅಲ್ಲ. ಇತ್ತೀಚಿನ ವರ್ಷಗಳಲ್ಲಿ ಹೊರಬಂದ ಕೆಲವು ಜಾಸ್ ಧ್ವನಿಮುದ್ರಣಗಳನ್ನು ಕೇಳುತ್ತಿದ್ದಾಗ. ಅವುಗಳಲ್ಲಿ ನುಡಿಸುವವರು ಮೂವರು, ಹೆಚ್ಚೆಂದರೆ ನಾಲ್ವರು. ಮುಂದಾಳು ಪಿಯಾನೊ ನುಡಿಸುವವನು. ಶಾರ್ಙ್ಗದೇವನ ಅಳತೆಗೋಲಿನಲ್ಲಿ ಇದು ಕನಿಷ್ಠಕ್ಕಿಂತಲೂ ಕೆಳಗಿನದು. ಆದರೆ ಕಿವಿಗೊಟ್ಟು ಕೇಳುವವನಿಗೆ ಈ ಕಿರುಮೇಳವೇ ಉತ್ತಮವೆನ್ನಿಸಿದರೆ ಆಶ್ಚರ್ಯವಿಲ್ಲ. ನಮ್ಮ ಬೀದರ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದುಗಳ ಸಂಗೀತದ ಚರಿತ್ರೆಯನ್ನು ಈ ಮೂವರ ಪಕ್ಕದಲ್ಲಿಟ್ಟು ನೋಡಿದಾಗ, ನಮ್ಮಲ್ಲಿ ಒಬ್ಬ ಕಲಾವಿದನಿಗೆ ಸಲ್ಲಬೇಕಾದ ಮಾನ ಇನ್ನೂ ಪೂರ್ತಿಯಾಗಿ ಸಂದಿಲ್ಲವೆಂಬುದು ಎದ್ದು ಕಾಣುತ್ತದೆ. ಅವನೇ ಪೇಟಿ ನುಡಿಸುವವನು.

ಕಲ್ಯಾಣದ ಎರಡು ದನಿಗಳು

ಶಾರ್ಙ್ಗದೇವನು ತನಗಿಂತ ಹಿಂದಿನ ಸಂಗೀತಾಚಾರ್ಯರನ್ನು ಸ್ಮರಿಸುವಾಗ ಸೋಮೇಶ, ಜಗದೇಕ ಎಂಬ ಇಬ್ಬರು ದೊರೆಗಳನ್ನೂ ಹೆಸರಿಸುತ್ತಾನೆ. ಇಬ್ಬರೂ ಕಲ್ಯಾಣದ ಚಾಲುಕ್ಯರು, ತಂದೆ ಮಕ್ಕಳು. ತಂದೆಯಾದ ಮೂರನೆಯ ಸೋಮೇಶ್ವರನು ಕ್ರಿ.ಶ. ೧೧೨೯ರ ಸುಮಾರಿಗೆ ‘ಮಾನಸೋಲ್ಲಾಸ’ವನ್ನು ರಚಿಸಿದನು. ನೂರು ಅಧ್ಯಾಯಗಳ ಆ ಗ್ರಂಥದಲ್ಲಿ ರಾಜನೀತಿಯುಂಟು, ಅಡಿಗೆಯುಂಟು, ಆನೆ ಕುದುರೆಗಳ ವಿಚಾರವುಂಟು. ಗೀತವಿನೋದಕ್ಕೂ ವಾದ್ಯವಿನೋದಕ್ಕೂ ಬೇರೆ ಬೇರೆ ಅಧ್ಯಾಯಗಳೇ ಉಂಟು. ಅರಸನ ಕಿವಿ ಅರಮನೆಯ ಗೋಡೆಯೊಳಗೇ ನಿಲ್ಲಲಿಲ್ಲ. ಕಥೆ ಹೇಳುವಾಗ ಷಟ್ಪದಿ, ಮದುವೆಯಲ್ಲಿ ಧವಳ, ಮಹಾರಾಷ್ಟ್ರದ ಹೆಂಗಸರು ಧಾನ್ಯ ಕುಟ್ಟುವಾಗ ಓವಿ, ಹೀಗೆ ಜನರ ಹಾಡುಗಳನ್ನೂ ಅವನು ಗುರುತಿಸಿ ಬರೆದಿಟ್ಟನು. ಮಗ ಇಮ್ಮಡಿ ಜಗದೇಕಮಲ್ಲನ ಹೆಸರಿನಲ್ಲಿರುವ ಕೃತಿ ‘ಸಂಗೀತಚೂಡಾಮಣಿ’. ಆಳುವ ಕೆಲಸದ ನಡುವೆ ತಂದೆಯೂ ಮಗನೂ ಸಂಗೀತಶಾಸ್ತ್ರ ಬರೆದ ಊರುಗಳು ನಮ್ಮ ದೇಶದಲ್ಲಿ ಹೆಚ್ಚಿಲ್ಲ.

ಕೆಲವೇ ದಶಕಗಳ ಮೇಲೆ ಅದೇ ಕಲ್ಯಾಣದಲ್ಲಿ ಇನ್ನೊಂದು ದನಿ ಎದ್ದಿತು. ಬಸವಣ್ಣನವರು ತಮ್ಮ ಒಂದು ವಚನದಲ್ಲಿ ಮೈಯನ್ನೇ ವೀಣೆಯಾಗಿಸಿ ನುಡಿಸೆಂದು ಕೂಡಲಸಂಗಮನನ್ನು ಬೇಡುತ್ತಾರೆ. ಇನ್ನೊಂದರಲ್ಲಿ ತಾಳಮಾನಗಳ ಲೆಕ್ಕ ತಮಗೆ ತಿಳಿಯದೆಂದು ಹೇಳಿ, ಒಲಿದ ಬಗೆಯಲ್ಲಿ ಹಾಡುವ ಸ್ವಾತಂತ್ರ್ಯವನ್ನು ಎತ್ತಿಹಿಡಿಯುತ್ತಾರೆ. ಒಂದೇ ಊರು, ಒಂದೇ ಶತಮಾನ. ಅರಸನು ಎಣಿಸಿ ಬರೆದನು. ಶರಣರು ಎಣಿಕೆಯನ್ನು ದಾಟಿದರು.

ಜಾಸ್ ಸಂಗೀತದ ಮರ್ಮ ಈ ಎರಡರ ನಡುವೆ ಇದೆಯೆಂದು ನನಗೆ ತೋರುತ್ತದೆ. ಅಮೆರಿಕದ ನೀಗ್ರೊ ಜನಾಂಗವೆಂದು ಹಿಂದೆ ಕರೆಯಲ್ಪಡುತ್ತಿದ್ದ ಕರಿಯ ಜನರು, ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಮೇಲೂ ಅವಮಾನದ ನಡುವೆ ಬಾಳುತ್ತ ಕಟ್ಟಿದ ಸಂಗೀತವಿದು. ಹಾಡಿನ ಧಾಟಿ, ಆವರ್ತದ ಉದ್ದ, ಸ್ವರಮೇಳಗಳು ಬರುವ ಕ್ರಮ ಮೊದಲೇ ಗೊತ್ತಿರುತ್ತವೆ. ಅದರ ಮೇಲೆ ನುಡಿಸುವುದು ಆ ಗಳಿಗೆಯಲ್ಲೇ ಹುಟ್ಟುತ್ತದೆ. ರಾಗವಿಸ್ತಾರ ಕೇಳಿ ಬೆಳೆದ ನಮಗೆ ಇದು ತೀರ ಹೊಸತೇನೂ ಅಲ್ಲ.

ಮಾಣಿಕನಗರ ಮತ್ತು ಪೇಟಿ

ಬಸವಕಲ್ಯಾಣದಿಂದ ಹುಮನಾಬಾದಿಗೆ ಸುಮಾರು ೩೦ ಕಿಲೋಮೀಟರು. ಚರಿತ್ರೆಯ ದಾರಿಯಲ್ಲಾದರೆ ಏಳು ಶತಮಾನ. ೧೮೧೭ರಲ್ಲಿ ಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ ಹುಟ್ಟಿದ ಮಾಣಿಕಪ್ರಭುಗಳು ೧೮೪೫ರಲ್ಲಿ ಹುಮನಾಬಾದಿನ ಬದಿಯಲ್ಲಿ ನೆಲೆ ನಿಂತರು. ಆ ನೆಲೆಯೇ ಮಾಣಿಕನಗರವಾಯಿತು. ಎಲ್ಲ ಮತಗಳೂ ಸತ್ಯವೆನ್ನುವ ಸಕಲಮತ ಸಂಪ್ರದಾಯ ಅವರದು. ನಿಜಾಮರ ರಾಜ್ಯದ ಈ ಮೂಲೆಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಬೀದಿಯ ಮಾತುಗಳು. ಪ್ರಭುಗಳ ಪದಗಳೂ ಒಂದೇ ಭಾಷೆಗೆ ಕಟ್ಟುಬೀಳದೆ ಹಲವು ನುಡಿಗಳಲ್ಲಿ ಹರಿದವು. ೧೮೬೫ರಲ್ಲಿ ಅವರು ಸಮಾಧಿಸ್ಥರಾದ ಮೇಲೂ ಪದ ಕಟ್ಟುವ ಪರಂಪರೆ ನಿಲ್ಲಲಿಲ್ಲ; ೧೯೩೬ರವರೆಗೆ ಪೀಠದಲ್ಲಿದ್ದ ಮಾರ್ತಾಂಡ ಮಾಣಿಕಪ್ರಭುಗಳೂ ಸ್ವತಃ ಪದಕಾರರು. ದತ್ತಜಯಂತಿಯ ಕಾಲಕ್ಕೆ ನಡೆಯುವ ಉತ್ಸವದಲ್ಲಿ ಸಂಗೀತಸೇವೆ ಇಂದಿಗೂ ಉಂಟು.

ಮಾಣಿಕನಗರ ತಲೆಯೆತ್ತುವ ಮೂರು ವರ್ಷ ಮೊದಲು, ೧೮೪೨ರಲ್ಲಿ, ದೂರದ ಪ್ಯಾರಿಸಿನಲ್ಲಿ ಅಲೆಕ್ಸಾಂಡ್ರ್ ದೆಬೆ ಎಂಬಾತ ಹಾರ್ಮೋನಿಯಂ ವಾದ್ಯಕ್ಕೆ ಪೇಟೆಂಟು ಪಡೆದನು. ಕಾಲಿನಿಂದ ತಿದಿ ಒತ್ತುವ ಆ ವಾದ್ಯವನ್ನು ನೆಲದ ಮೇಲೆ ಕುಳಿತು ಒಂದು ಕೈಯಿಂದ ಗಾಳಿ ತುಂಬಿ ಇನ್ನೊಂದು ಕೈಯಿಂದ ನುಡಿಸುವಂತೆ ಮಾರ್ಪಡಿಸಿದ ಕೀರ್ತಿ ಕಲ್ಕತ್ತೆಯ ದ್ವಾರಕಾನಾಥ ಘೋಷರದು. ಇದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದ ಮಾತು. ಮುಂದೆ ಅದು ಉತ್ತರ ಕರ್ನಾಟಕದ ಮಠ ಮಂದಿರಗಳಿಗೆ, ಭಜನೆಯ ಮನೆಗಳಿಗೆ ‘ಪೇಟಿ’ಯೆಂಬ ಹೆಸರಿನಿಂದ ಬಂದು ಮನೆಮಗನಂತೆ ನೆಲೆಸಿಬಿಟ್ಟಿತು.

ಕಂಪನಿ ನಾಟಕದಲ್ಲಂತೂ ಪೇಟಿ ಮಾಸ್ತರನೇ ಮೇಳದ ಯಜಮಾನ. ರಂಗದ ಮುಂದೆ ಕಾಲುಪೇಟಿಗೆ ಕುಳಿತು ನಟನಿಗೆ ಶ್ರುತಿ ಹಿಡಿಸುವವನು ಅವನು, ತಬಲಾದವನಿಗೆ ಕಣ್ಸನ್ನೆ ಮಾಡುವವನು ಅವನು, ‘ಒನ್ಸ್ ಮೋರ್’ ಕೂಗು ಬಿದ್ದರೆ ಪದವನ್ನು ಮತ್ತೆ ಎಲ್ಲಿಂದ ಎತ್ತಬೇಕೆಂದು ತೀರ್ಮಾನಿಸುವವನೂ ಅವನೇ. ಮರಾಠಿ ರಂಗಭೂಮಿಯಲ್ಲಿ ಗೋವಿಂದರಾವ್ ಟೆಂಬೆಯವರಂತಹ ಪೇಟಿವಾದಕರು ಸಂಗೀತಕ್ಕೆ ದಿಕ್ಕು ತೋರಿಸಿದ್ದನ್ನು ಬಲ್ಲವರು ಬಲ್ಲರು. ಆದರೆ ಅದೇ ಪೇಟಿ ಶಾಸ್ತ್ರೀಯ ಕಚೇರಿಯ ವೇದಿಕೆ ಹತ್ತಿದೊಡನೆ ಯಜಮಾನಿಕೆ ಕಳೆದುಕೊಂಡು ‘ಸಾಥ್’ ಆಯಿತು. ಗಾಯಕನ ಹಿಂದೆ ಅರ್ಧ ಹೆಜ್ಜೆ ನಡೆಯುವುದೇ ಅದರ ಧರ್ಮವೆನಿಸಿತು.

ಹುಮನಾಬಾದಿನ ಕಡೆಯ ಭಜನೆಗಳಲ್ಲಿ ನಾನು ಹಾಡುವವರಿಗಿಂತ ಪೇಟಿಯವರನ್ನೇ ಹೆಚ್ಚಾಗಿ ಗಮನಿಸಿದ್ದೇನೆ. ಹಾಡುವವನ ಉಸಿರು ಕಡಿಮೆಯಾದಾಗ ಅವರು ತಿದಿಯನ್ನು ಕೊಂಚ ಬಲವಾಗಿ ಒತ್ತುತ್ತಾರೆ. ಅವನು ಚೇತರಿಸಿಕೊಂಡೊಡನೆ ತಗ್ಗುತ್ತಾರೆ. ತಾಳ ಓಡತೊಡಗಿದರೆ ಬೆರಳಿನಲ್ಲೇ ಅದಕ್ಕೆ ಲಗಾಮು ಹಾಕುತ್ತಾರೆ. ನೆರೆದವರಿಗೆ ಇದು ತಿಳಿಯುವುದಿಲ್ಲ. ತಿಳಿಯದಿರುವುದೇ ಅದರ ಕುಶಲತೆ.

ಹೀಗೆ ಮರೆಯಲ್ಲಿದ್ದ ವಾದ್ಯಕ್ಕೆ ೧೯೪೦ರಲ್ಲಿ ಬಹಿರಂಗವಾಗಿಯೇ ಏಟು ಬಿತ್ತು. ಆ ವರ್ಷದ ಮಾರ್ಚಿಯಿಂದ ಆಕಾಶವಾಣಿ ಹಾರ್ಮೋನಿಯಂಗೆ ಬಾಗಿಲು ಮುಚ್ಚಿತು. ೧೯೭೧ರಲ್ಲಿ ಅದು ಸಡಿಲವಾಗುವವರೆಗೆ ಮೂರು ದಶಕ ಕಳೆಯಿತು. ಅದರ ಸ್ವರಗಳು ಅಚ್ಚು ಹಾಕಿದಂತೆ ಸ್ಥಿರ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲಾರದು, ಮೀಂಡ್ ಗಮಕಗಳು ಅದಕ್ಕೆ ಒಗ್ಗವು ಎಂಬುದು ಆಕ್ಷೇಪ. ಆಕ್ಷೇಪದಲ್ಲಿ ಸತ್ಯವಿಲ್ಲದಿಲ್ಲ. ಆದರೆ ವಾದ್ಯದ ದೋಷವನ್ನು ಎಣಿಸಿದವರು ವಾದಕನ ಕಿವಿಯನ್ನು ಎಣಿಕೆಗೆ ತೆಗೆದುಕೊಳ್ಳಲಿಲ್ಲ.

ಮೂವರ ಮಾತುಕತೆ

ಪಿಯಾನೊಗೂ ಇದೇ ಕೊರತೆ ಉಂಟೆಂಬುದನ್ನು ಇಲ್ಲಿ ನೆನೆಯಬೇಕು. ಅದರ ಸ್ವರಗಳೂ ಸ್ಥಿರವೇ. ತಂತಿಗೆ ಸುತ್ತಿಗೆ ಬಿದ್ದ ಮೇಲೆ ನಾದ ಕ್ಷೀಣಿಸುತ್ತಲೇ ಹೋಗುತ್ತದೆ, ಜಾರುವಂತಿಲ್ಲ. ಆದರೂ ಜಾಸ್ ಲೋಕ ಅದನ್ನು ಹೊರಗಟ್ಟಲಿಲ್ಲ. ದೊಡ್ಡ ಬ್ಯಾಂಡುಗಳಲ್ಲಿ ಲಯ ಕಾಯುವವರ ಸಾಲಿನಲ್ಲಿದ್ದ ಪಿಯಾನೊ, ಮೇಳ ಕಿರಿದಾದಂತೆಲ್ಲ ಮುಂದಕ್ಕೆ ಬಂದಿತು.

ಈ ಸಂಗೀತ ನಮ್ಮ ನೆಲಕ್ಕೆ ಅಪರಿಚಿತವೂ ಅಲ್ಲ. ಅಮೆರಿಕದ ಪಿಯಾನೊವಾದಕ ಟೆಡ್ಡಿ ವೆದರ್‌ಫರ್ಡ್ ಮುಂಬಯಿಯ ತಾಜಮಹಲ್ ಹೋಟೆಲಿನಲ್ಲಿ ನುಡಿಸಿ, ಮಹಾಯುದ್ಧದ ವರ್ಷಗಳಲ್ಲಿ ಕಲ್ಕತ್ತೆಯಲ್ಲಿ ತನ್ನ ತಂಡದೊಡನೆ ಗ್ರಾಮಫೋನು ತಟ್ಟೆಗಳಿಗೆ ನುಡಿಸಿ, ೧೯೪೫ರಲ್ಲಿ ಅಲ್ಲಿಯೇ ತೀರಿಕೊಂಡನು. ೧೯೫೮ರಲ್ಲಿ ಡೇವ್ ಬ್ರೂಬೆಕ್ ತನ್ನ ನಾಲ್ವರ ಮೇಳದೊಡನೆ ಭಾರತಕ್ಕೆ ಬಂದಾಗ, ಮದರಾಸಿನಲ್ಲಿ ಆ ಮೇಳದ ಡ್ರಮ್ಸ್ ವಾದಕ ಜೋ ಮೊರೆಲ್ಲೊ ಮೃದಂಗದ ಪಳನಿ ಸುಬ್ರಹ್ಮಣ್ಯ ಪಿಳ್ಳೆಯವರೊಡನೆ ಕೂಡಿ ನುಡಿಸಿದನು. ಆ ಪ್ರವಾಸದ ನೆನಪಿನಿಂದ ಬ್ರೂಬೆಕ್ ಅದೇ ವರ್ಷ ಹೊರತಂದ ತಟ್ಟೆಯಲ್ಲಿ ಕಲ್ಕತ್ತೆಯ ಹೆಸರಿನ ಕೃತಿಯೊಂದಿದೆ.

ಕಿರುಮೇಳದ ಚರಿತ್ರೆಯಲ್ಲಿ ೧೯೬೧ರ ಜೂನ್ ೨೫ ಮರೆಯಲಾಗದ ದಿನ. ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಎಂಬ ನೆಲಮಾಳಿಗೆಯಲ್ಲಿ ಬಿಲ್ ಇವಾನ್ಸ್ ಪಿಯಾನೊ, ಸ್ಕಾಟ್ ಲಫಾರೊ ಡಬಲ್ ಬಾಸ್, ಪಾಲ್ ಮೋಶಿಯನ್ ಡ್ರಮ್ಸ್ ನುಡಿಸಿದ್ದನ್ನು ಅಂದು ಮುದ್ರಿಸಿಕೊಳ್ಳಲಾಯಿತು. ಅದುವರೆಗೆ ಬಾಸಿನವನ ಕೆಲಸ ಹೆಜ್ಜೆ ಎಣಿಸುವುದು. ಅಂದು ಅವನು ಪಿಯಾನೊದ ಮಾತಿಗೆ ಮಾತು ಕೊಟ್ಟನು. ಮುಂದಾಳು ಸುಮ್ಮನಾಗಿ ಅವನಿಗೆ ಜಾಗ ಬಿಟ್ಟನು. ಹನ್ನೊಂದು ದಿನಗಳ ಮೇಲೆ ಲಫಾರೊ ಮೋಟಾರು ಅಪಘಾತದಲ್ಲಿ ಸತ್ತನು. ಆಗ ಅವನಿಗೆ ೨೫ ವರ್ಷ. ಮೈಕು ಇಲ್ಲದಿದ್ದರೆ ಆ ಮಾತುಕತೆ ಅವನೊಡನೆಯೇ ಮಣ್ಣಾಗುತ್ತಿತ್ತು.

ಈಚಿನವರಲ್ಲಿ ನಾನು ಹೆಚ್ಚಾಗಿ ಕೇಳುವುದು ವಿಜಯ್ ಅಯ್ಯರ್ ಅವರನ್ನು. ಅಮೆರಿಕದಲ್ಲಿ ಹುಟ್ಟಿದ ಇವರು ತಮಿಳು ಮೂಲದ ತಂದೆತಾಯಿಗಳ ಮಗ. ಚಿಕ್ಕಂದಿನಲ್ಲಿ ಕ್ರಮವಾಗಿ ಕಲಿತದ್ದು ಪಿಟೀಲು. ಪಿಯಾನೊ ಬಹುಮಟ್ಟಿಗೆ ಸ್ವಂತ ಕಲಿಕೆ. ೨೦೧೧ರ ‘ತೀರ್ಥ’ ಎಂಬ ಧ್ವನಿಮುದ್ರಣದಲ್ಲಿ ಅವರ ಜೊತೆಗಿದ್ದವರು ಗಿಟಾರಿನ ಪ್ರಸನ್ನ ಮತ್ತು ತಬಲಾದ ನಿತಿನ್ ಮಿಟ್ಟಾ. ಮಿಟ್ಟಾ ಹೈದರಾಬಾದಿನವರು. ಹುಮನಾಬಾದಿನ ಜನ ಒಂದು ಕಾಲಕ್ಕೆ ರಾಜಧಾನಿಯೆಂದು ನೋಡುತ್ತಿದ್ದ ಊರಿನ ತಬಲಾ ಹೀಗೆ ಪಿಯಾನೊದ ಪಕ್ಕದಲ್ಲಿ ಸರಿಸಮನಾಗಿ ಕುಳಿತಿತು.

೨೦೨೧ರ ‘ಅನೀಸಿ’, ೨೦೨೪ರ ‘ಕಂಪ್ಯಾಷನ್’ ಎಂಬ ಎರಡರಲ್ಲೂ ಅಯ್ಯರರ ಜೊತೆಗಾರರು ಬಾಸ್ ನುಡಿಸುವ ಲಿಂಡಾ ಮೇ ಹಾನ್ ಓ ಎಂಬ ಹೆಣ್ಣುಮಗಳು ಮತ್ತು ಡ್ರಮ್ಸಿನ ಟೈಶಾನ್ ಸೋರಿ. ಓ ಹುಟ್ಟಿದ್ದು ಮಲೇಷ್ಯದಲ್ಲಿ, ಬೆಳೆದದ್ದು ಆಸ್ಟ್ರೇಲಿಯದಲ್ಲಿ. ಸೋರಿ ಸ್ವತಃ ವಾಗ್ಗೇಯಕಾರರಂತೆ ದೊಡ್ಡ ಕೃತಿಗಳ ಕರ್ತೃ. ೨೦೨೪ರ ಪುಲಿಟ್ಜರ್ ಪ್ರಶಸ್ತಿ ಪಡೆದವರು. ಮೊದಲನೆಯದರ ಒಂದು ಕೃತಿ ಕುಡಿಯುವ ನೀರಿನಲ್ಲಿ ಸೀಸ ಬೆರೆತ ಫ್ಲಿಂಟ್ ನಗರದ ಮಕ್ಕಳನ್ನು ಕುರಿತದ್ದು. ಎರಡನೆಯದರ ಒಂದು ಕೃತಿ ದಕ್ಷಿಣ ಆಫ್ರಿಕದ ಡೆಸ್ಮಂಡ್ ಟೂಟೂ ಅವರ ನೆನಪಿನದು. ಮಾತಿಲ್ಲ, ಪಲ್ಲವಿಯಿಲ್ಲ, ಮೂರು ವಾದ್ಯಗಳಷ್ಟೇ. ಪಿಯಾನೊ ಒಂದು ಸೊಲ್ಲನ್ನು ಎತ್ತಿ ಬಿಡುತ್ತದೆ, ಬಾಸ್ ಅದನ್ನು ಬೇರೆ ಕಡೆಯಿಂದ ಹಿಡಿಯುತ್ತದೆ, ಡ್ರಮ್ಸು ಇಬ್ಬರಿಗೂ ನೆಲವನ್ನು ಹಾಸಿ ಮರುಗಳಿಗೆಯೇ ಅದನ್ನು ಅಲುಗಿಸುತ್ತದೆ. ಯಾರು ಯಾರಿಗೆ ಸಾಥ್ ಎಂದು ಹೇಳುವುದು ಕಷ್ಟ. ಮುಂದಾಳುತನವೆಂದರೆ ಜೋರಾಗಿ ನುಡಿಸುವುದಲ್ಲ, ಇತರರನ್ನು ಮೊದಲು ಕೇಳಿಸಿಕೊಳ್ಳುವುದು ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಈ ಕೇಳಿಸಿಕೊಳ್ಳುವ ವಿದ್ಯೆ ನಮ್ಮ ಪೇಟಿಯವರಿಗೆ ಹೊಸದಾಗಿ ಕಲಿಸಬೇಕಾದುದಲ್ಲ. ಬೆಳಗಾವಿಯ ರಾಮಭಾವು ಬಿಜಾಪುರೆಯವರು (೧೯೧೭–೨೦೧೦) ದೊಡ್ಡ ದೊಡ್ಡ ಗಾಯಕರಿಗೆ ಸಾಥ್ ನೀಡಿದರು. ಸ್ವತಂತ್ರವಾದನದಲ್ಲೂ ಪೇಟಿಯ ಘನತೆಯನ್ನು ತೋರಿಸಿದರು. ೨೦೧೮ರಲ್ಲಿ ಬೆಂಗಳೂರಿನಲ್ಲಿ ಹಾರ್ಮೋನಿಯಂಗೆಂದೇ ಒಂದು ವಿಶ್ವಸಮ್ಮೇಳನ ನಡೆಯಿತು. ಇವು ಶುಭಸೂಚನೆಗಳು. ಆದರೆ ಪೇಟಿ, ತಬಲಾ, ಮತ್ತೊಂದು ವಾದ್ಯ ಸೇರಿದ ಕಿರುಮೇಳ, ಅದಕ್ಕೆ ಪೇಟಿಯವನೇ ಮುಂದಾಳು, ಎಂಬ ಕಲ್ಪನೆ ನಮ್ಮ ಸಭೆಗಳಲ್ಲಿ ಇನ್ನೂ ಬೇರುಬಿಟ್ಟಿಲ್ಲ.

ಇದರ ನಷ್ಟ ಚರಿತ್ರೆಗೂ ಉಂಟು. ಜಾಸ್ ತಟ್ಟೆಯ ರಟ್ಟಿನ ಮೇಲೆ ನುಡಿಸಿದ ಪ್ರತಿಯೊಬ್ಬನ ಹೆಸರು ಅಚ್ಚಾಗುತ್ತದೆ. ಆದ್ದರಿಂದಲೇ ೨೫ರ ಹರೆಯದಲ್ಲಿ ಹೋದ ಬಾಸಿನವನೊಬ್ಬನನ್ನು ಇಂದು ನಾವು ಹೆಸರು ಹಿಡಿದು ನೆನೆಯಬಲ್ಲೆವು. ನಮ್ಮ ೭೮ ಸುತ್ತಿನ ಹಳೆಯ ತಟ್ಟೆಗಳಲ್ಲಿ ಗಾಯಕನ ಹೆಸರುಂಟು, ರಾಗದ ಹೆಸರುಂಟು, ಪೇಟಿಯವನ ಹೆಸರು ಬಹುಮಟ್ಟಿಗೆ ಇಲ್ಲ. ಈಗ ಊರೂರಿನ ಭಜನೆಯನ್ನು ಕೈಯಲ್ಲಿರುವ ಫೋನಿನಲ್ಲೇ ಮುದ್ರಿಸಿಕೊಳ್ಳುವ ಕಾಲ ಬಂದಿದೆ. ಹೆಸರು ಬರೆಯುವಾಗ ಮಾತ್ರ ಹಳೆಯ ಚಾಳಿ ಹೋಗಿಲ್ಲ. ಮಾಣಿಕನಗರದ ಪದವನ್ನೋ ಕಲ್ಯಾಣದ ವಚನವನ್ನೋ ಮುದ್ರಿಸಿಕೊಳ್ಳುವವರು ಪೇಟಿಯವರ, ತಬಲಾದವರ, ತಾಳದವರ ಹೆಸರುಗಳನ್ನೂ ಕೇಳಿ ಬರೆದಿಡಲಿ. ಒಂದು ಪದದ ನಡುವೆ ಪೇಟಿಗೆ ಎರಡು ಆವರ್ತ ತಾನಾಗಿ ಮಾತಾಡಲು ಬಿಡಲಿ. ಧಾನ್ಯ ಕುಟ್ಟುವ ಹೆಂಗಸರ ಹಾಡನ್ನು ಚಕ್ರವರ್ತಿಯೊಬ್ಬನು ಶಾಸ್ತ್ರದಲ್ಲಿ ಬರೆದಿಟ್ಟ ನಾಡಿಗೆ ಇದು ಹೆಚ್ಚಿನ ಕೆಲಸವೇನೂ ಅಲ್ಲ.