ರಾಜೀನಾಮೆಗೊಂದು ಕಬೂಲಾಯತ್

ನೌಕರಿ ಬಿಡುವುದಕ್ಕೆ ಕನ್ನಡದ ಕಚೇರಿಗಳಲ್ಲಿ ಸಲ್ಲುವ ‘ರಾಜೀನಾಮೆ’ ಎಂಬ ಪದವನ್ನು ಬಿಡಿಸಿ ನೋಡಿದರೆ ಅದರೊಳಗೆ ಬಿಡುವ ಅರ್ಥವೇ ಕಾಣುವುದಿಲ್ಲ. ಅರಬ್ಬಿ ಮೂಲದ ‘ರಾಜಿ’ ಎಂದರೆ ಒಪ್ಪಿದ, ಸಮ್ಮತಿಸಿದ ಎಂದೂ, ಪಾರಸಿಯ ‘ನಾಮಾ’ ಎಂದರೆ ಬರಹ, ಪತ್ರ ಎಂದೂ ಅರ್ಥವಿರುವುದರಿಂದ, ಎರಡೂ ಕೂಡಿದ ಪದ ಒಪ್ಪಿಗೆಯ ಕಾಗದವನ್ನು ಸೂಚಿಸುತ್ತದೆ. ಪಂಚನಾಮೆ, ಕರಾರುನಾಮೆಗಳು ಅದರ ಒಡಹುಟ್ಟುಗಳು. ಹಿಂದಿ, ಉರ್ದುಗಳಲ್ಲಿ ಈ ಪದ ಇಂದಿಗೂ ಕಕ್ಷಿದಾರರ ನಡುವಿನ ರಾಜಿಪತ್ರಕ್ಕೇ ಸಲ್ಲುತ್ತದೆ, ನೌಕರಿ ಬಿಡುವುದಕ್ಕೆ ಅಲ್ಲಿ ‘ಇಸ್ತೀಫಾ’ ಎಂಬ ಬೇರೆ ಪದವಿದೆ. ಮರಾಠಿ, ಕನ್ನಡ, ತೆಲುಗು, ತಮಿಳುಗಳಲ್ಲಿ ರಾಜೀನಾಮೆ ಹುದ್ದೆ ತ್ಯಜಿಸುವ ಅರ್ಥವನ್ನು ಪಡೆಯಿತು. ಮಲಯಾಳವಂತೂ ‘ನಾಮೆ’ಯನ್ನು ಕಳಚಿ ಬರಿಯ ‘ರಾಜಿ’ಯನ್ನು ಉಳಿಸಿಕೊಂಡಿದೆ, ಹೀಗಾಗಿ ಎರಡೂ ಭಾಷೆಯ ಪತ್ರಿಕೆ ಓದುವ ಕಾಸರಗೋಡಿನ ಕನ್ನಡಿಗರಿಗೆ ಒಂದೇ ಶಬ್ದ ಒಂದು ಪುಟದಲ್ಲಿ ಮಂತ್ರಿಯ ನಿರ್ಗಮನವಾಗಿ, ಇನ್ನೊಂದರಲ್ಲಿ ಜಗಳದ ಇತ್ಯರ್ಥವಾಗಿ ಎದುರಾಗುತ್ತದೆ.

ಒಪ್ಪಿಗೆಯ ಕಾಗದ ಬಿಡುಗಡೆಯ ಕಾಗದವಾದದ್ದು ಹೇಗೆಂಬುದಕ್ಕೆ ಉತ್ತರವನ್ನು ಕಚೇರಿಗಿಂತ ಮೊದಲು ಹೊಲದ ದಾಖಲೆಗಳಲ್ಲಿ ಹುಡುಕಬೇಕು, ಮತ್ತು ಅದಕ್ಕೆ ಶಿಗ್ಗಾವಿ ತಾಲೂಕಿನ ದುಂಡಸಿ ಹೋಬಳಿಯಂಥ ಪ್ರದೇಶ ತಕ್ಕ ಸ್ಥಳವಾಗಿದೆ. ಬಂಕಾಪುರ, ಸವಣೂರು ಸೀಮೆಯ ಆಡಳಿತ ಬಿಜಾಪುರದ ಆದಿಲಶಾಹಿ, ಸವಣೂರಿನ ನವಾಬರು, ಮರಾಠರು, ಕಡೆಗೆ ಮುಂಬಯಿ ಸರ್ಕಾರ ಹೀಗೆ ಕೈ ಬದಲಿಸುತ್ತ ಬಂದರೂ ದಫ್ತರದ ಶಬ್ದಗಳು ಬಹುಪಾಲು ಪಾರಸಿಯವೇ ಆಗಿ ಉಳಿದವು. 1847ರ ಜಂಟಿ ವರದಿಯ ತತ್ವಗಳ ಮೇಲೆ ರೂಪುಗೊಂಡ ಮುಂಬಯಿ ಭೂಮಾಪನ ಪದ್ಧತಿಯಲ್ಲಿ, ಪ್ರತಿ ಸರ್ವೆ ನಂಬರಿಗೂ ಕಂದಾಯ ನಿಗದಿಯಾಗಿ, ಅದನ್ನು ಕಟ್ಟುವವರೆಗೆ ಹೊಲ ರೈತನ ವಶದಲ್ಲಿರುತ್ತಿತ್ತು. ಕಂದಾಯ ಭಾರವೆನಿಸಿದರೆ ಹೊಲವನ್ನು ಬಿಟ್ಟುಕೊಡುವ ಸ್ವಾತಂತ್ರ್ಯವೂ ಅವನಿಗಿತ್ತು. ಹಾಗೆ ಬಿಟ್ಟುಕೊಡುವ ಪತ್ರವೇ ರಾಜೀನಾಮೆ. ಆ ಹೊಲವನ್ನು ಹೊಸಬನೊಬ್ಬ ಹಿಡಿಯುವುದಾದರೆ ಅವನು ಬರೆದುಕೊಡುವ ಕಾಗದಕ್ಕೆ ಕಬೂಲಾಯತ್, ಅಂದರೆ ಕಬೂಲಿಯ ಪತ್ರ, ಎಂದು ಹೆಸರು. ಎರಡನ್ನೂ ಕೂಡಿಸಿ ‘ರಾಜೀನಾಮೆ-ಕಬೂಲಾಯತ್’ ಎಂದು ಒಂದೇ ಉಸಿರಿನಲ್ಲಿ ಹೇಳುವ ರೂಢಿಯಿತ್ತು, ಏಕೆಂದರೆ ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಹೊಲ ದಾಟುವಾಗ ಮೊದಲ ಕಾಗದ ಎರಡನೆಯದಿಲ್ಲದೆ ಪೂರ್ತಿಯಾಗುತ್ತಿರಲಿಲ್ಲ.

1879ರ ಮುಂಬಯಿ ಭೂಕಂದಾಯ ಸಂಹಿತೆ ಇದಕ್ಕೆ ಹಾಕಿದ ಕಟ್ಟುಗಳು ಇಂದಿನ ನೌಕರಿಯ ಕರಾರನ್ನು ನೆನಪಿಸುವಂತಿವೆ. ಹೊಲವನ್ನು ಸಂಪೂರ್ಣವಾಗಿ ಬಿಡುವವನು ಮಾಮಲೇದಾರನಿಗೆ, ಅಂದರೆ ಈಗಿನ ತಹಶೀಲ್ದಾರನಿಗೆ, ಮಾರ್ಚ್ 31ರೊಳಗೆ ಲಿಖಿತ ಸೂಚನೆ ಕೊಡಬೇಕಿತ್ತು. ಆದರೆ ಬಿಡುಗಡೆ ಜಾರಿಗೆ ಬರುತ್ತಿದ್ದುದು ಕಂದಾಯ ವರ್ಷ ಮುಗಿಯುವ ಜುಲೈ 31ರ ನಂತರವೇ ಆದ್ದರಿಂದ, ಆ ಸಾಲಿನ ಕಂದಾಯದ ಹೊಣೆ ಬಿಡುವವನ ಮೇಲೆಯೇ ಉಳಿಯುತ್ತಿತ್ತು. ‘ನೋಟಿಸ್ ಅವಧಿ’ ಎಂದು ಇಂದಿನ ಕಂಪನಿಗಳು ಕರೆಯುವ, ಪತ್ರ ಕೊಟ್ಟ ದಿನಕ್ಕೂ ಕೆಲಸ ಬಿಡುವ ದಿನಕ್ಕೂ ನಡುವಿನ ಕಾಲಾವಕಾಶ, ಈ ಸೀಮೆಯ ರೈತನಿಗೆ ಬೇರೆ ಹೆಸರಿನಲ್ಲಿ ಪರಿಚಿತವಾಗಿಯೇ ಇತ್ತೆನ್ನಬಹುದು.

ಆದರೆ ಮಾತಿನ ಕನ್ನಡ ಒಪ್ಪಿ, ಕಾದು ಬಿಡುವ ಈ ಸಮಾಧಾನವನ್ನು ಉಳಿಸಿಕೊಳ್ಳಲಿಲ್ಲ. ಹಾವೇರಿ, ಧಾರವಾಡಗಳ ಕಡೆ ‘ರಾಜೀನಾಮಿ ಒಗದು ಬಂದ’ ಎನ್ನುತ್ತಾರೆ, ದಕ್ಷಿಣದಲ್ಲಿ ‘ರಾಜೀನಾಮೆ ಬಿಸಾಕಿ ಬಂದ’ ಎನ್ನುತ್ತಾರೆ. ‘ಕೊಡು’, ‘ಸಲ್ಲಿಸು’ ಎಂಬ ಸೌಮ್ಯ ಕ್ರಿಯಾಪದಗಳು ಪತ್ರಿಕೆಗೂ ಅರ್ಜಿಗೂ ಮೀಸಲಾಗಿವೆ. ಒಗೆಯುವುದರಲ್ಲಿ ಸ್ವಾಭಿಮಾನವಿದೆ ಎಂಬ ಮೆಚ್ಚುಗೆ ಈ ನುಡಿಯೊಳಗೆ ಅಡಗಿದ್ದು, ಅನ್ಯಾಯ ಸಹಿಸಿದವನ ವಿಷಯದಲ್ಲಿ ಅದು ತಪ್ಪೂ ಅಲ್ಲ. ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಬಳಕೆ ‘ರಾಜೀನಾಮೆ ಬರೆಸಿಕೊಂಡರು’ ಎಂಬುದು. ಕನ್ನಡದ ಪ್ರೇರಣಾರ್ಥಕ ಪ್ರತ್ಯಯವೊಂದು ಇಲ್ಲಿ ಕಾನೂನಿನ ದೊಡ್ಡ ಪ್ರಶ್ನೆಯನ್ನೇ ಎತ್ತುತ್ತದೆ: ಬರೆದವನ ಕೈ ಒಂದು, ಬರೆಸಿದವರ ಇಚ್ಛೆ ಇನ್ನೊಂದು ಆದಾಗ, ಆ ಕಾಗದದಲ್ಲಿ ‘ರಾಜಿ’ ಯಾರದು? ಹಳೆಯ ಪತ್ರಗಳು ‘ರಾಜಿಖುಷಿಯಿಂದ’ ಎಂದೂ ಇಂದಿನ ಪತ್ರಗಳು ‘ಸ್ವ-ಇಚ್ಛೆಯಿಂದ, ಯಾರ ಒತ್ತಡಕ್ಕೂ ಒಳಗಾಗದೆ’ ಎಂದೂ ಬರೆಯುವುದು ಈ ಸಂಶಯವನ್ನು ಮೊದಲೇ ತಡೆಯಲಿಕ್ಕಾಗಿ, ಆದರೂ ಆ ಮಾತನ್ನು ಒತ್ತಿ ಒತ್ತಿ ಬರೆದಷ್ಟೂ ಸಂಶಯ ಹೆಚ್ಚುವುದು ಬೇರೆ ಮಾತು.

ಹಿರೇಕೆರೂರು ತಾಲೂಕು ಈ ಪದದ ಎರಡು ಬಗೆಯ ಬಾಳನ್ನು ಕಂಡಿದೆ. 1930ರ ದಶಕದ ಆರಂಭದ ಕಾನೂನುಭಂಗ ಚಳವಳಿಯಲ್ಲಿ ಅಂಕೋಲಾ, ಸಿದ್ದಾಪುರಗಳ ಜೊತೆಗೆ ಇಲ್ಲಿಯೂ ಕರನಿರಾಕರಣೆ ನಡೆಯಿತು. ಕಂದಾಯ ವಸೂಲಿಯ ಹೊಣೆ ಹೊತ್ತ ಊರಗೌಡರು, ಅಂದರೆ ಪಾಟೀಲರು, ಹುದ್ದೆ ತ್ಯಜಿಸುವುದು ಅಂಥ ಚಳವಳಿಗಳ ಒಂದು ಅಂಗವೇ ಆಗಿತ್ತು. ವಂಶಪಾರಂಪರ್ಯವಾಗಿ ಬಂದ ಗೌಡಕಿಯನ್ನು ಬಿಡುವುದೆಂದರೆ ಮನೆತನದ ಮಾನವನ್ನೂ ಇನಾಮನ್ನೂ ಪಣಕ್ಕಿಡುವುದಾಗಿದ್ದರಿಂದ, ಸರ್ಕಾರದೊಂದಿಗಿನ ಒಪ್ಪಿಗೆಯನ್ನು ಮುರಿಯುವ ಕಾಗದಕ್ಕೆ ಒಪ್ಪಿಗೆಯ ಹೆಸರೇ ಇದ್ದುದು ವಿಚಿತ್ರವೆನಿಸಿದರೂ ಅದರ ತೂಕ ಎಲ್ಲರಿಗೂ ತಿಳಿದಿತ್ತು. ಅದಕ್ಕೂ ಮುಂಚೆ, ಈ ತಾಲೂಕಿನ ಹೊರಗೆ, ಬನವಾಸಿಯಲ್ಲಿ ಹುಟ್ಟಿದ ಹರ್ಡೇಕರ ಮಂಜಪ್ಪನವರು ಶಿರಸಿಯ ಶಾಲಾ ಶಿಕ್ಷಕ ವೃತ್ತಿಯನ್ನು ಬಿಟ್ಟು 1906ರಲ್ಲಿ ದಾವಣಗೆರೆಯಿಂದ ‘ಧನುರ್ಧಾರಿ’ ಪತ್ರಿಕೆಯನ್ನು ಹೊರಡಿಸಿದ್ದು ಇದೇ ಜಾತಿಯ ನಿರ್ಗಮನ.

ಎರಡನೆಯ ಬಗೆಯದು 2019ರ ಜುಲೈ ತಿಂಗಳಿನದು. ಆಡಳಿತ ಮೈತ್ರಿಕೂಟದ ಹಲವು ಶಾಸಕರು ಒಟ್ಟಾಗಿ ಸಲ್ಲಿಸಿದ ರಾಜೀನಾಮೆಗಳಲ್ಲಿ ಹಿರೇಕೆರೂರಿನ ಬಿ.ಸಿ. ಪಾಟೀಲರದೂ ಒಂದಾಗಿತ್ತು. ಸಂವಿಧಾನದ 190ನೇ ವಿಧಿಗೆ 1974ರ 33ನೇ ತಿದ್ದುಪಡಿ ಸೇರಿಸಿದ ಮಾತಿನಂತೆ, ಶಾಸಕನ ರಾಜೀನಾಮೆ ಸ್ವಯಂಪ್ರೇರಿತವೂ ನೈಜವೂ ಆಗಿಲ್ಲವೆಂದು ಸ್ಪೀಕರ್‌ಗೆ ಮನವರಿಕೆಯಾದರೆ ಅದನ್ನು ಅವರು ಅಂಗೀಕರಿಸಬಾರದು. ಹೀಗಾಗಿ ಪತ್ರ ಸರಿಯಾದ ನಮೂನೆಯಲ್ಲಿದೆಯೇ, ಅದರ ಹಿಂದಿನ ಇಚ್ಛೆ ಯಾರದು ಎಂಬ ಚರ್ಚೆ ಬೆಂಗಳೂರಿನಿಂದ ಸುಪ್ರೀಂ ಕೋರ್ಟಿನವರೆಗೆ ನಡೆಯಿತು. ಸ್ಪೀಕರ್ ಶಾಸಕರನ್ನು ಅನರ್ಹಗೊಳಿಸಿದರು, ಡಿಸೆಂಬರಿನ ಉಪಚುನಾವಣೆಯಲ್ಲಿ ಪಾಟೀಲರು ಬೇರೆ ಪಕ್ಷದಿಂದ ಮರಳಿ ಗೆದ್ದರು. ಇದರ ಮುಂದೆ ಶಿಗ್ಗಾವಿಯ ಶಾಸಕರಾಗಿದ್ದ ಬಸವರಾಜ ಬೊಮ್ಮಾಯಿಯವರು ಹಾವೇರಿಯಿಂದ ಲೋಕಸಭೆಗೆ ಗೆದ್ದ ಮೇಲೆ 2024ರ ಜೂನ್‌ನಲ್ಲಿ ಕೊಟ್ಟ ರಾಜೀನಾಮೆ ಬರಿಯ ವಿಧಿಯ ಪಾಲನೆ. ಎರಡು ಸದನಗಳಲ್ಲಿ ಒಬ್ಬನೇ ಕೂರುವಂತಿಲ್ಲವಾದ್ದರಿಂದ ಅದಕ್ಕೆ ಕಾರಣ ಹುಡುಕುವ ಅಗತ್ಯವೇ ಬೀಳಲಿಲ್ಲ.

ರಾಜಕಾರಣದ ರಾಜೀನಾಮೆಗಳು ಸುದ್ದಿಯಾಗುತ್ತವೆ, ಸಾಮಾನ್ಯ ನೌಕರನ ರಾಜೀನಾಮೆ ಆವಕ ವಹಿಯಲ್ಲಿ, ಅಂದರೆ ಕಚೇರಿಗೆ ಬಂದ ಪತ್ರಗಳ ಪುಸ್ತಕದಲ್ಲಿ, ಒಂದು ಸಾಲಾಗಿ ಮುಗಿಯುತ್ತದೆ. ಆದರೂ ಆ ಸಾಲಿಗೆ ಕಾನೂನಿನ ಬೆಲೆಯಿದೆ. ಸರ್ಕಾರಿ ನೌಕರನ ರಾಜೀನಾಮೆ ಅಂಗೀಕಾರವಾಗುವವರೆಗೆ ಅದನ್ನು ಹಿಂತೆಗೆದುಕೊಳ್ಳಲು ಅವಕಾಶವಿದೆ, ಅಂಗೀಕಾರವಾದ ಮೇಲೆ ಇಲ್ಲ ಎಂದು ಸುಪ್ರೀಂ ಕೋರ್ಟ್ 1968ರಲ್ಲಿ ರಾಜ್‌ಕುಮಾರ್ ಪ್ರಕರಣದಲ್ಲಿ ಹೇಳಿತು. ಹತ್ತು ವರ್ಷಗಳ ನಂತರ ಅಲಹಾಬಾದ್ ಹೈಕೋರ್ಟಿನ ನ್ಯಾಯಾಧೀಶರೊಬ್ಬರು ಮುಂದಿನ ದಿನಾಂಕ ಸೂಚಿಸಿ ಕೊಟ್ಟಿದ್ದ ಪತ್ರದ ವಿಷಯದಲ್ಲಿ, ಆ ದಿನ ಬರುವ ಮೊದಲು ಅವರು ಅದನ್ನು ಹಿಂಪಡೆಯಬಹುದೆಂದು ತೀರ್ಪಾಯಿತು. ಅಂಗೀಕಾರವೆಂಬ ಈ ಎರಡನೆಯ ಹೆಜ್ಜೆಯಲ್ಲಿ ಹಳೆಯ ಕಬೂಲಾಯತ್ತಿನ ಗುಣ ಉಳಿದುಕೊಂಡಿದೆ. ಸರ್ಕಾರಿ ಸೇವೆಯಲ್ಲಿ ರಾಜೀನಾಮೆಯನ್ನು ಸ್ವಯಂನಿವೃತ್ತಿಯೊಂದಿಗೆ ಬೆರೆಸಬಾರದು: ಸ್ವಯಂನಿವೃತ್ತಿಯಲ್ಲಿ ಹಿಂದಿನ ಸೇವೆ ಪಿಂಚಣಿಗೆ ಲೆಕ್ಕವಾಗುತ್ತದೆ, ರಾಜೀನಾಮೆಯಲ್ಲಿ ಸಾಮಾನ್ಯವಾಗಿ ಅದು ನಷ್ಟವಾಗುತ್ತದೆ. ಮೇಲಧಿಕಾರಿಯ ಅನುಮತಿ ಪಡೆದು ಇನ್ನೊಂದು ಸರ್ಕಾರಿ ಹುದ್ದೆಗೆ ಹೋಗುವವರ ‘ತಾಂತ್ರಿಕ ರಾಜೀನಾಮೆ’ಗೆ ಮಾತ್ರ ವಿನಾಯಿತಿ. ಸಿಟ್ಟಿನಲ್ಲಿ ಒಗೆದು ಬಂದವರು ಈ ವ್ಯತ್ಯಾಸವನ್ನು ತಿಳಿಯುವುದು ಬಹುತೇಕ ತಡವಾಗಿ.

ರಾಜೀನಾಮೆಯ ಪತ್ರವನ್ನು ಬರೆಯುವ ಕ್ರಮವೂ ಇದರಿಂದಲೇ ಹುಟ್ಟಬೇಕು. ‘ಇವರಿಗೆ’, ‘ಮಾನ್ಯರೇ’, ‘ವಿಷಯ’ ಎಂಬ ಸಾಲುಗಳ ಕೆಳಗೆ ಹುದ್ದೆಯ ಹೆಸರು, ಬಿಡುವ ದಿನಾಂಕ, ಅಂಗೀಕರಿಸಿ ಕರ್ತವ್ಯದಿಂದ ಬಿಡುಗಡೆಗೊಳಿಸಬೇಕೆಂಬ ವಿನಂತಿ ಇಷ್ಟಿದ್ದರೆ ಪತ್ರ ಪೂರ್ಣ. ‘ವೈಯಕ್ತಿಕ ಕಾರಣಗಳಿಂದ’ ಎಂಬ ಸವೆದ ಮಾತನ್ನು ಸುಳ್ಳೆಂದು ಹೀಗಳೆಯುವವರಿದ್ದರೂ, ಅದು ಇಬ್ಬರ ಮಾನವನ್ನೂ ಕಾಯುವ ಮಾತೆಂಬುದನ್ನು ಒಪ್ಪಬೇಕು. ದೂರುಗಳಿದ್ದರೆ ಅವಕ್ಕೆ ಪ್ರತ್ಯೇಕ ಪತ್ರವಿರಲಿ. ಚಾರ್ಜು ಕೊಡುವುದು, ಅಂದರೆ ಕಡತ, ಕೀಲಿಕೈ, ನಗದು, ದಾಸ್ತಾನುಗಳನ್ನು ಪಟ್ಟಿ ಮಾಡಿ ಮುಂದಿನವರ ಸಹಿ ಪಡೆಯುವುದು, ಬೀಳ್ಕೊಡುಗೆಯ ಹಾರ ಶಾಲುಗಳಿಗಿಂತ ಮುಖ್ಯವಾದ ಕೆಲಸ. ಎಷ್ಟೋ ಕಚೇರಿಗಳಲ್ಲಿ ಶಾಲು ಹೊದಿಸಿಕೊಂಡು ಹೋದವರನ್ನು ತಿಂಗಳಾದ ಮೇಲೆ ಒಂದು ಕೀಲಿಕೈಗಾಗಿ ಫೋನಿನಲ್ಲಿ ಹುಡುಕುವುದು ಪಟ್ಟಿ ಮಾಡದ ಕಾರಣದಿಂದಲೇ. ಒಪ್ಪಿಸಿಕೊಳ್ಳುವವರ ಹೊಣೆಯೂ ಕಡಿಮೆಯಲ್ಲ: ಬಿಡುವವನ ಅನುಭವ ಪತ್ರವನ್ನೋ ಬಾಕಿ ಸಂಬಳವನ್ನೋ ತಡೆಹಿಡಿದು ಸೇಡು ತೀರಿಸಿಕೊಳ್ಳುವ ಸಂಸ್ಥೆ ಕಬೂಲಾಯತ್ತಿನ ಧರ್ಮವನ್ನು ಮುರಿದಂತೆ. ಪತ್ರದ ಪ್ರತಿಯ ಮೇಲೆ ಸ್ವೀಕೃತಿಯ ಸಹಿಯನ್ನೂ, ಅಂಗೀಕಾರವನ್ನೂ, ಬಿಡುಗಡೆ ಆದೇಶವನ್ನೂ ಬರಹದಲ್ಲಿ ಪಡೆಯದೆ ಯಾರೂ ಕಚೇರಿಯ ಮೆಟ್ಟಿಲು ಇಳಿಯಬಾರದು.