ಬೇಲಿಯೊಳಗಿನ ಕಂಪ್ಯೂಟರು

ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮ ಬೆಳೆದದ್ದೇ ದೂರದಲ್ಲಿ ಕೂತು ದುಡಿಯುವುದರಿಂದ. 1985ರಲ್ಲಿ ಇಲ್ಲಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್, ಇಲ್ಲಿನ ಎಂಜಿನಿಯರುಗಳ ಕೆಲಸವನ್ನು ಉಪಗ್ರಹದ ಮೂಲಕ ಅಮೆರಿಕಕ್ಕೆ ಕಳಿಸುತ್ತಿತ್ತು. ಸಮುದ್ರ ದಾಟುತ್ತಿದ್ದ ಆ ಕೆಲಸ ನೌಕರನ ಮನೆಯ ಹೊಸ್ತಿಲನ್ನು ಮಾತ್ರ ದಾಟಲಿಲ್ಲ. ಶಿಸ್ತು, ಗೋಪ್ಯತೆ ಎಂದು ಕಾರಣ ಹೇಳುವುದುಂಟು. ಇರಬಹುದು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಸುಂಕದ ಬೇಲಿ.

ಕಿಯೋನಿಕ್ಸ್‌ನ ಆರ್.ಕೆ. ಬಾಳಿಗರು 1970ರ ದಶಕದ ಕೊನೆಯಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿದರು. 1991ರಲ್ಲಿ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ ಯೋಜನೆ ಬಂತು, 2005ರಲ್ಲಿ ವಿಶೇಷ ಆರ್ಥಿಕ ವಲಯದ ಕಾಯ್ದೆ. ಸುಂಕವಿಲ್ಲದೆ ತರಿಸಿದ ಕಂಪ್ಯೂಟರನ್ನು ಅನುಮತಿಯಿಲ್ಲದೆ ಆವರಣದಿಂದ ಹೊರಗೆ ಒಯ್ಯುವಂತಿರಲಿಲ್ಲ. ಸುಂಕದ ಮಟ್ಟಿಗೆ ಈ ವಲಯ ಭಾರತದ ಹೊರಗಿನ ನೆಲ! ಹಾಗೆ ನೋಡಿದರೆ ವೈಟ್‌ಫೀಲ್ಡಿನ ಅಂಥ ಕಟ್ಟಡದ ನೌಕರ ದಿನವೂ ಬೆಳಿಗ್ಗೆ ವಿದೇಶಕ್ಕೆ ಹೋಗಿ ರಾತ್ರಿ ಊರಿಗೆ ಮರಳುತ್ತಿದ್ದ. ಕಾಲ್ ಸೆಂಟರುಗಳ ಪಾಡು ಇನ್ನೊಂದು. ಮನೆಯಿಂದ ಕೆಲಸ ಮಾಡಿಸಬೇಕೆಂದರೆ ದೂರಸಂಪರ್ಕ ಇಲಾಖೆಗೆ ಒಂದು ಕೋಟಿ ರೂಪಾಯಿಯ ಭದ್ರತೆ ಕೊಡಬೇಕಿತ್ತು.

2020ರ ಮಾರ್ಚಿನಲ್ಲಿ ಇದೆಲ್ಲ ಕೆಲವೇ ದಿನಗಳಲ್ಲಿ ಸಡಿಲಾಯಿತು. ಮೇಜಿನ ಮೇಲಿದ್ದ ಕಂಪ್ಯೂಟರುಗಳು ಕಾರು ಹತ್ತಿ ಮನೆಗಳಿಗೂ ಪಿ.ಜಿ.ಗಳಿಗೂ ಹೋದವು. ಆ ನವೆಂಬರಿನಲ್ಲಿ ಕಾಲ್ ಸೆಂಟರುಗಳ ಭದ್ರತೆಯ ನಿಯಮವೇ ರದ್ದಾಯಿತು. ವಿಶೇಷ ವಲಯಗಳಿಗೆ ಸ್ಪಷ್ಟ ನಿಯಮ ಬಂದದ್ದು ಮಾತ್ರ 2022ರ ಜುಲೈನಲ್ಲಿ: ಅರ್ಧದಷ್ಟು ನೌಕರರು, ಒಂದು ವರ್ಷ. ಡಿಸೆಂಬರಿನಲ್ಲಿ ಅದನ್ನೂ ಸಡಿಲಿಸಬೇಕಾಯಿತು.

ಪೀಣ್ಯದಲ್ಲಿ ಈ ಚರ್ಚೆಗೆ ಜಾಗವೇ ಇರಲಿಲ್ಲ. ಲೇತ್ ಯಂತ್ರವನ್ನು ಯಾರೂ ಮನೆಗೆ ಒಯ್ಯಲಾರರು. ಐಟಿ ಆವರಣಗಳೊಳಗೂ ಅಂಥವರಿದ್ದರು: ಕ್ಯಾಂಟೀನಿನವರು, ಕಸ ಗುಡಿಸುವವರು, ಕಾವಲುಗಾರರು, ಗೇಟಿನಾಚೆ ಕಾಯುವ ಕ್ಯಾಬ್ ಚಾಲಕರು. ಕಟ್ಟಡ ಖಾಲಿಯಾದರೆ ಅವರ ದುಡಿಮೆಯೂ ಖಾಲಿ. ಕಚೇರಿಯ ಚರಿತ್ರೆ ಬರೆಯುವಾಗ ನಾವು ಇವರನ್ನು ಬಿಟ್ಟೇಬಿಡುತ್ತೇವೆ.

2023ರ ನವೆಂಬರಿನಿಂದ ಇನ್ಫೋಸಿಸ್ ತನ್ನ ಕೆಳಹಂತದ ನೌಕರರನ್ನು ತಿಂಗಳಿಗೆ 10 ದಿನ, ವಿಪ್ರೋ ತನ್ನವರನ್ನು ವಾರಕ್ಕೆ 3 ದಿನ ಕಚೇರಿಗೆ ಕರೆಯಿತು. ಹೀಗೆ ಸರದಿಯ ಮೇಲೆ ಬರುವವರಿಗೆ ಒಬ್ಬೊಬ್ಬರಿಗೊಂದು ಮೇಜು ಬೇಡ. ಹಲವು ಕಂಪನಿಗಳಲ್ಲಿ ಮಗುವಿನ ಫೋಟೊ ಇಟ್ಟುಕೊಳ್ಳುವ ಸ್ವಂತ ಮೇಜು ಹೋಗಿ, ಮೊಬೈಲಿನಲ್ಲಿ ಮೊದಲೇ ಕಾಯ್ದಿರಿಸುವ ಸೀಟು ಬಂತು. ಮಿಕ್ಕ ಮಹಡಿಗಳನ್ನು ಏನು ಮಾಡುವುದು? ವಲಯದ ನಿಯಮದ ಪ್ರಕಾರ ಅವನ್ನು ಹೊರಗಿನ ಕಂಪನಿಗೆ ಬಾಡಿಗೆಗೆ ಕೊಡುವಂತಿರಲಿಲ್ಲ. ಅದೇ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿತು. ಪಡೆದ ರಿಯಾಯಿತಿ ಹಿಂದಿರುಗಿಸಿದರೆ ಕಟ್ಟಡದ ಒಂದೊಂದು ಮಹಡಿಯನ್ನೂ ಬೇಲಿಯಿಂದ ಬಿಡಿಸಿಕೊಳ್ಳಬಹುದು. ಈಗ ಒಂದೇ ಲಿಫ್ಟಿನಲ್ಲಿ ಹೋಗುವವರಲ್ಲಿ ಒಬ್ಬರು ರಿಯಾಯಿತಿಯ ಮಹಡಿಯಲ್ಲಿ ಇಳಿಯುತ್ತಾರೆ, ಮತ್ತೊಬ್ಬರು ಅದು ಇಲ್ಲದ ಮಹಡಿಯಲ್ಲಿ.