ವಾಲಧುನಿಯ ದಡದಲ್ಲಿ ಯಾವ ಗಿಡ, ಎಷ್ಟು ಗಿಡ

ಕಲ್ಯಾಣದಿಂದ ಕರ್ಜತ್ ಕಡೆಗೆ ಹೊರಟ ಲೋಕಲ್ ಮೊದಲು ನಿಲ್ಲುವುದು ವಿಠ್ಠಲವಾಡಿಯಲ್ಲಿ. ಅಲ್ಲಿ ಹತ್ತಿರ ಹರಿಯುವ ವಾಲಧುನಿಯನ್ನು ಹೊಸಬರು ಗಟಾರವೆಂದೇ ತಿಳಿಯುತ್ತಾರೆ. ಕಾಕೋಳೆ ಗುಡ್ಡದ ಕಡೆ ಹುಟ್ಟಿ, ಅಂಬರನಾಥದ ಶಿಲಾಹಾರರ ಶಿವಾಲಯದ ಮಗ್ಗುಲಲ್ಲಿ ಹಾದು, ಉಲ್ಹಾಸನಗರದ ಕೊಳೆಯನ್ನೆಲ್ಲ ಹೊತ್ತು ಉಲ್ಹಾಸ್ ನದಿಗೆ ಸೇರುವ ಹೊಳೆ ಇದು. ಮೇಲೆ ಕಾಕೋಳೆಯಲ್ಲಿ ರೈಲ್ವೆಯವರು ಕಟ್ಟಿದ ಕೆರೆಯ ನೀರು ‘ರೈಲ್ ನೀರ್’ ಬಾಟಲಿ ತುಂಬುತ್ತದೆ. ಕೆಳಗೆ ಮೂಗು ಮುಚ್ಚಿಕೊಂಡು ಸೇತುವೆ ದಾಟಬೇಕು.

ಈ ಸೀಮೆಯ ಗಿಡಗಳ ಪಟ್ಟಿ ಮಾಡುವ ಕೆಲಸ ಹಳೆಯದು, ಮಾಡಿದವರೂ ವಿಚಿತ್ರ ಜನ. 1839ರ ಪಟ್ಟಿಯ ಜಾನ್ ಗ್ರಹಾಂ ಅಂಚೆ ಇಲಾಖೆಯವನು. ಪುಸ್ತಕ ಅಚ್ಚಿನಲ್ಲಿರುವಾಗಲೇ ತೀರಿಕೊಂಡ. 1861ರಲ್ಲಿ ಡಾಲ್ಜೆಲ್ ಮತ್ತು ಗಿಬ್ಸನ್ ‘ಬಾಂಬೆ ಫ್ಲೋರಾ’ ತಂದರು. 1901ರಿಂದ 1908ರವರೆಗೆ ಮುಂಬಯಿ ಪ್ರಾಂತ್ಯದ ಸಸ್ಯಸಂಪುಟಗಳನ್ನು ಹೊರತಂದ ಥಿಯೋಡೋರ್ ಕುಕ್, ವಸಯಿಯ ಕಬ್ಬಿಣದ ಸೇತುವೆಯ ಕೆಲಸ ನೋಡಿಕೊಂಡ ರೈಲ್ವೆ ಎಂಜಿನಿಯರ್. ಧಾರವಾಡ, ಬೆಳಗಾವಿ, ಕಾರವಾರ ಆಗ ಅದೇ ಪ್ರಾಂತ್ಯದಲ್ಲಿದ್ದುದರಿಂದ ನಮ್ಮ ಕಡೆಯ ಗಿಡಗಳಿಗೂ ಇಂದಿಗೂ ಕುಕ್‌ನನ್ನೇ ತೆರೆಯಬೇಕು. 1953ರಲ್ಲಿ ಪಾದ್ರಿ ಸಂತಾಪಾವ್ ಅವರ ಖಂಡಾಲಾ ಸಸ್ಯಗ್ರಂಥ ಬಂತು. ಉಲ್ಹಾಸ್ ಹುಟ್ಟುವುದು ಖಂಡಾಲಾ ಬಳಿಯ ರಾಜಮಾಚಿ ಕಣಿವೆಯಲ್ಲಿ, ಸಮುದ್ರ ಸೇರುವುದು ವಸಯಿಯಲ್ಲಿ. ಘಟ್ಟಕ್ಕೆ ಸಿಕ್ಕ ಸ್ವಂತ ಗ್ರಂಥದ ಭಾಗ್ಯ ನಡುವಿನ ವಾಲಧುನಿಯಂಥ ಹೊಳೆಗಳಿಗೆ ಸಿಗಲಿಲ್ಲ.

ಹಳೆಯ ಗ್ರಂಥಗಳು ಗಿಡ ಎಲ್ಲಿ ಸಿಕ್ಕಿತೆಂದು ಹೇಳುತ್ತವೆ, ಎಷ್ಟಿತ್ತೆಂದು ಎಣಿಸಿ ಹೇಳುವುದಿಲ್ಲ. ಎಣಿಕೆಗೆ ಚೌಕಟ್ಟು ಬಂತು: ಒಂದು ಮೀಟರ್ ಚೌಕವನ್ನು ಕೆಸರಿಗಿಟ್ಟು ಒಳಗಿನ ಜೊಂಡು, ಆಪು, ಹೊನಗೊನೆಗಳನ್ನು ಎಣಿಸುವುದು. ಸಂದೇಶಗಳ ರವಾನೆಗೆಂದು 1948ರಲ್ಲಿ ಗಣಿತಜ್ಞ ಶಾನನ್ ಕೊಟ್ಟ ಸೂತ್ರವನ್ನು ಸಸ್ಯತಜ್ಞರು ಜಾತಿವೈವಿಧ್ಯ ಅಳೆಯಲು ಎರವಲು ಪಡೆದರು. ಎರಡು ಜೌಗುಗಳಲ್ಲಿ ಹತ್ತು ಹತ್ತು ಜಾತಿ ಇದ್ದರೂ, ಒಂದರಲ್ಲಿ ಮುಕ್ಕಾಲುಪಾಲು ಆಪುವೇ ಆಗಿದ್ದರೆ ಅದು ಬಡ ಜೌಗು ಎಂದು ಈ ಲೆಕ್ಕ ತೋರಿಸುತ್ತದೆ.

ಆದರೆ ಕ್ಷೇತ್ರದ ದಿಕ್ಕು ತಿರುಗಿಸಿದ್ದು ಸೂತ್ರವಲ್ಲ, ಒಂದು ಕಳೆ: ದಕ್ಷಿಣ ಅಮೆರಿಕದಿಂದ ಬಂದ ನೇರಳೆ ಹೂವಿನದು, ಮರಾಠಿಗರು ಜಲಪರ್ಣಿ ಎನ್ನುವುದು. ತೊಟ್ಟು ಮುರಿದರೆ ಒಳಗೆಲ್ಲ ಸ್ಪಂಜು, ಗಾಳಿ, ಅದರಿಂದಲೇ ತೇಲುತ್ತದೆ. ಬುಡದಿಂದ ಕವಲೊಡೆದ ಬಳ್ಳಿಯ ತುದಿಗೆ ಮರಿ, ಮರಿಗೆ ಮತ್ತೊಂದು ಮರಿ. ಚರಂಡಿಯ ಸಾರಜನಕ, ರಂಜಕ ಸಿಕ್ಕಿದರೆ ಕೆಲವೇ ವಾರಗಳಲ್ಲಿ ಇಮ್ಮಡಿ. ಹೀಗೆ ಹೆಣೆದುಕೊಂಡ ಚಾಪೆಯಡಿ ಬೆಳಕಿಲ್ಲದೆ ನೀರೊಳಗಿನ ಸಸ್ಯಗಳು ಸಾಯುತ್ತವೆ. ಉಲ್ಹಾಸ್ ನದಿಯಲ್ಲಿ ಆಗಿರುವುದು ಇದೇ. ಇದಕ್ಕೆ ಮದ್ದು ತರಿಸಿದ್ದು ನಮ್ಮ ಬೆಂಗಳೂರು. 1980ರ ದಶಕದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ನಿಯೋಕೆಟಿನಾ ಎಂಬ ಮೂತಿಹುಳುಗಳನ್ನು ತರಿಸಿ ಬಿಟ್ಟಿತು. ದೊಡ್ಡ ಹುಳು ಎಲೆ ಕೆರೆಯುತ್ತದೆ, ಮರಿಹುಳು ತೊಟ್ಟು ಕೊರೆಯುತ್ತದೆ. ಹುಳು ಕಳೆಯನ್ನು ಸೊರಗಿಸಬಲ್ಲದು. ಚರಂಡಿ ನಿಲ್ಲಿಸುವುದು ಅದರ ಕೆಲಸವಲ್ಲ.

ಆಮೇಲೆ ಉಪಗ್ರಹ ಚಿತ್ರಗಳು ಬಂದವು, ಚಾಪೆಯ ವಿಸ್ತೀರ್ಣ ಮೇಲಿನಿಂದಲೇ ಅಳೆಯಬಹುದಾಯಿತು. ಅಡಿಯಲ್ಲಿ ಯಾವ ಗಿಡ ಉಳಿದಿದೆ ಎಂಬುದು ಮಾತ್ರ ಉಪಗ್ರಹಕ್ಕೆ ಕಾಣದು. ಇದೇ ಸೀಮೆಯ ಠಾಣೆ ಖಾಡಿ 2022ರಲ್ಲಿ, ಅಂತರರಾಷ್ಟ್ರೀಯ ಮಹತ್ವದ ಜೌಗೆಂದು, ರಾಮ್ಸರ್ ತಾಣವಾಯಿತು. ಈ ಮನ್ನಣೆಯಲ್ಲಿ ಕಾಂಡ್ಲಾ ಗಿಡಗಳಿಗಿಂತ ಫ್ಲೆಮಿಂಗೋಗಳ ಪ್ರಭಾವವೇ ಹೆಚ್ಚೆಂದು ನನ್ನ ಗುಮಾನಿ. ವಾಲಧುನಿ ಸಸ್ಯಶಾಸ್ತ್ರಕ್ಕಿಂತ ಮೊದಲು ಹಸಿರು ನ್ಯಾಯಮಂಡಳಿಯ ಕಡತ ಸೇರಿತು, ಜೀನ್ಸ್ ಬಣ್ಣದ ನೀರು, ರಾಸಾಯನಿಕಗಳ ದೆಸೆಯಿಂದ. ಕಡತದಲ್ಲಿರುವುದು ನೀರಿನ ಕೊಳೆಯ ಅಳತೆ. ಗಿಡಗಳ ಲೆಕ್ಕಕ್ಕೆ ದುಬಾರಿ ಉಪಕರಣ ಬೇಡ: ಕಾಕೋಳೆ ಕೆರೆಯಂಚು, ಶಿವಾಲಯದ ದಡ, ವಿಠ್ಠಲವಾಡಿ, ಈ ಮೂರೂ ಕಡೆ ಅದೇ ಚೌಕಟ್ಟನ್ನು ಮಳೆಗಾಲ ಮುಗಿದ ಮೇಲೊಮ್ಮೆ, ಬೇಸಿಗೆಯಲ್ಲೊಮ್ಮೆ ಇಟ್ಟರೆ ಸಾಕು. ಕಲ್ಯಾಣ–ಉಲ್ಹಾಸನಗರದ ಯಾವ ಕಾಲೇಜಿನ ಬಿಎಸ್ಸಿ ಮಕ್ಕಳಾದರೂ ಲೋಕಲ್ ಪಾಸಿನಲ್ಲೇ ಮಾಡಬಹುದಾದ ಕೆಲಸ.